ಕೊಬ್ಬರಿ ಹನುಮಂತರಾಯನ ಉಪವಾಸ

ಜರ್ಮನಿಯ ಕಲೋನಿನಲ್ಲಿ ಹನುಮಂತರಾಯ ಎಂಬ ಹೆಸರಿನವನು ಒಬ್ಬನೇ ಇದ್ದ. ಆದರೂ ಕನ್ನಡಿಗರೆಲ್ಲ ಅವನನ್ನು ಕೊಬ್ಬರಿ ಹನುಮಂತರಾಯ ಎಂದೇ ಕರೆಯುತ್ತಿದ್ದರು. ಗ್ರೀನ್ ಕಾರ್ಡ್ ಕೊಡುತ್ತೇವೆ ಬನ್ನಿ ಎಂದು ಜರ್ಮನ್ ಸರ್ಕಾರ ಕಂಪ್ಯೂಟರ್ ಬಲ್ಲವರನ್ನು ಕೂಗಿ ಕರೆದ ಮೊದಲ ವರ್ಷವೇ ಬಂದವನು. ಸರ್ಕಾರ ಕರೆದದ್ದು ಒಬ್ಬ ಸಾಫ್ಟ್‌ವೇರ್ ಎಂಜಿನಿಯರನ್ನು. ವಿಮಾನದಿಂದ ಇಳಿದದ್ದು ಕಾಲು ಭಾಗ ಎಂಜಿನಿಯರ್, ಮುಕ್ಕಾಲು ಭಾಗ ಕೊಬ್ಬರಿ ಎಣ್ಣೆ. ಅವನ ಸೂಟ್‌ಕೇಸು ಫ್ರಾಂಕ್‌ಫರ್ಟಿನ ಲಗೇಜು ಬೆಲ್ಟಿನ ಮೇಲೆ ಒಂದೇ ಒಂದು ಸುತ್ತು ಬಂದಿತಂತೆ, ಆಮೇಲೆ ಆರು ತಿಂಗಳು ಆ ಬೆಲ್ಟಿಗೆ ಯಾರೂ ಗ್ರೀಸ್ ಹಾಕಬೇಕಾಗಲಿಲ್ಲವಂತೆ. ಹಾಗೆಂದು ಕೇಳಿದ್ದೇನೆ. ಹೇಳಿದವನೂ ನಾನೇ, ಆದರೂ ಕೇಳಿದ್ದೇನೆ.

ಊರು ತಿಪಟೂರು. ಅಜ್ಜ ಗಾಣ ಇಟ್ಟಿದ್ದವರು, ಅಪ್ಪ ಕೊಬ್ಬರಿ ಮಂಡಿಯಲ್ಲಿ ವ್ಯಾಪಾರ ಮಾಡುತ್ತಿದ್ದವರು. ಆ ಊರಲ್ಲೂ ಅಡುಗೆಗೆ ಬೇರೆ ಎಣ್ಣೆ ಬಳಸುವ ಮನೆಗಳು ಬೇಕಾದಷ್ಟಿವೆ. ಆದರೆ ಇವರದು ಗಾಣದ ಮನೆ. ಒಗ್ಗರಣೆಗೆ, ಕರಿಯುವುದಕ್ಕೆ, ತಲೆಗೆ, ದೀಪಕ್ಕೆ, ಕಿರುಗುಟ್ಟುವ ಬಾಗಿಲಿಗೆ, ಅಳುವ ಮಗುವಿನ ಹೊಟ್ಟೆಗೆ ಅದೊಂದೇ ಎಣ್ಣೆ. ಮನೆಯವರು ಜಗಳವಾಡಿ ಕೈಹಿಡಿದು ಎಳೆದಾಡಿದರೂ ಒಬ್ಬರ ಕೈ ಇನ್ನೊಬ್ಬರಿಗೆ ಸಿಗುತ್ತಿರಲಿಲ್ಲ.

ಅಂಥವನಿಗೆ ಜರ್ಮನಿಯ ಚಳಿ ದೊಡ್ಡ ಪೆಟ್ಟು ಕೊಟ್ಟಿತು. ಅಕ್ಟೋಬರಿನಲ್ಲಿ ಎಣ್ಣೆ ಮೇಣವಾಯಿತು, ಡಿಸೆಂಬರಿನಲ್ಲಿ ಅಮೃತಶಿಲೆಯಾಯಿತು. ಒಗ್ಗರಣೆಗೆ ಬೇಕೆಂದರೆ ಪ್ರೇಮಕುಮಾರಿ ಡಬ್ಬಕ್ಕೆ ಸ್ಕ್ರೂಡ್ರೈವರ್ ಹಾಕಿ ಕೆತ್ತಬೇಕು. ಪ್ರೇಮಕುಮಾರಿ ಎಂದರೆ ಅವನ ಹೆಂಡತಿ, ಮೈಸೂರಿನವಳು, ಮಾತು ಕಡಿಮೆ, ಕೇಳುವ ಪ್ರಶ್ನೆ ಇನ್ನೂ ಕಡಿಮೆ, ಆದರೆ ಕೇಳಿದರೆ ಎದುರಿನವನಿಗೆ ಬೆವರು. ಕೊನೆಗೆ ಎಣ್ಣೆ ಬಾಟಲಿಗೆ ಕೋಣೆ ಬಿಸಿಮಾಡುವ ಹೈಟ್ಸುಂಗ್ ಮೇಲೆ ಕಾಯಂ ಜಾಗವಾಯಿತು. ಮನೆಯೊಳಗೆ ಗಂಡಹೆಂಡಿರು ಸ್ವೆಟರ್ ಹಾಕಿಕೊಂಡು ನಡುಗುತ್ತಿದ್ದರೆ ಬಾಟಲಿ ಮಾತ್ರ ಬೆಚ್ಚಗೆ ಕೂತಿರುತ್ತಿತ್ತು. ಸೂಪರ್ ಮಾರ್ಕೆಟ್ಟಿನಲ್ಲಿ ತೆಂಗಿನ ಕೊಬ್ಬೆಂದು ಬಿಳೀ ಇಟ್ಟಿಗೆಯಂಥದ್ದು ಸಿಗುತ್ತಿತ್ತು. ಹನುಮಂತರಾಯ ಅದನ್ನು ಒಮ್ಮೆ ಮೂಸಿ ನೋಡಿ, "ವಾಸನೆಯೇ ಇಲ್ಲವಲ್ಲ ಸಾರ್, ಪಾಪ, ಯಾವಾಗ ಹೋಯ್ತೋ" ಎಂದು ಮೆಲ್ಲಗೆ ವಾಪಸ್ ಇಟ್ಟ. ಅಂದಿನಿಂದ ಬೆಂಗಳೂರಿನಿಂದ ಯಾರೇ ಬರಲಿ, ಅವರ ಪೆಟ್ಟಿಗೆಯಲ್ಲಿ ತಿಪಟೂರಿನದೊಂದು ಡಬ್ಬ ಇರಲೇಬೇಕು. ಜಾಗವಿಲ್ಲವೆಂದರೆ, "ಬಟ್ಟೆ ಇಲ್ಲೇ ತಗೊಳ್ಳಿ" ಎನ್ನುತ್ತಿದ್ದ.

ಇಷ್ಟಕ್ಕೇ ನಿಂತಿದ್ದರೆ ಕಥೆಯಿರಲಿಲ್ಲ. ಅವರ ಮನೆಯ ಕೆಳಗಡೆ ಫ್ರಾವ್ ಹೆರ್ಮನ್ಸ್ ಎಂಬ ಮುದುಕಿಯಿದ್ದಳು. ಚಳಿಗೆ ಅವಳ ಕೈ ಒಡೆದು ಹೋಗಿದ್ದವು. ಮದ್ದಿನಂಗಡಿಯ ಮುಲಾಮುಗಳೆಲ್ಲ ಸೋತ ಮೇಲೆ ಹನುಮಂತರಾಯ ಒಂದು ಪುಟ್ಟ ಶೀಶೆ ಎಣ್ಣೆ ಕೊಟ್ಟ. ವಾರದೊಳಗೆ ಕೈ ಮೆತ್ತಗಾದವು. ಚರ್ಮದ ಮಟ್ಟಿಗೆ ಅವನ ಮಾತು ಸುಳ್ಳಾಗಲಿಲ್ಲ ಎಂದು ನಾನು ಎಲ್ಲಿ ಬೇಕಾದರೂ ಸಾಕ್ಷಿ ಹೇಳುತ್ತೇನೆ. ಆದರೆ ಆ ಮುದುಕಿಯ ಎರಡು ಕೈ ಅವನ ತಲೆ ತಿರುಗಿಸಿಬಿಟ್ಟವು. ಹೊರಗೆ ಗೆದ್ದ ಎಣ್ಣೆ ಒಳಗೂ ಗೆಲ್ಲುತ್ತದೆ ಎಂಬುದು ಅವನ ಹೊಸ ಸಿದ್ಧಾಂತ. ನೆಗಡಿಗೆ ಒಂದು ಚಮಚ, ಮರೆವಿಗೆ ಎರಡು, ಮಲಬದ್ಧತೆಗೆ ಮೂರು. ಆಫೀಸಿನಲ್ಲಿ ಅವನ ಮ್ಯಾನೇಜರ್ ಬಕ್ಕತಲೆಯವನು. ಅವನಿಗೂ ತಲೆಗೆ ಹಚ್ಚಲು ಕೊಟ್ಟ. ಕೂದಲೇನೂ ಬರಲಿಲ್ಲ, ಆದರೆ ಮೀಟಿಂಗಿನಲ್ಲಿ ಪ್ರೊಜೆಕ್ಟರ್ ಹಾಕಿದರೆ ಚಿತ್ರ ಎರಡು ಗೋಡೆಯ ಮೇಲೆ ಬೀಳಲು ಶುರುವಾಯಿತು.

"ಹೃದಯಕ್ಕೆ ಇದರಷ್ಟು ಒಳ್ಳೇದು ಇನ್ನೊಂದಿಲ್ಲ ಸಾರ್. ಇಂಟರ್ನೆಟ್ಟಲ್ಲಿ ಬಂದಿದೆ" ಎಂದು ನನಗೂ ಹೇಳಿದ.

"ಯಾರು ಬರೆದಿದ್ದಾರಪ್ಪಾ?"

"ಎಣ್ಣೆ ಮಾರೋರೇ ಬರೆದಿದ್ದಾರೆ. ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತೆ ಹೇಳಿ?"

ಅವನಿಗೆ ಎದುರಾಳಿಯೆಂದರೆ ದುಂಡಪ್ಪ. ಬಾಗಲಕೋಟೆ ಕಡೆಯವನು, ಕಾರು ಕಂಪನಿಯಲ್ಲಿ ಎಂಜಿನಿಯರ್, ಶೇಂಗಾ ಎಣ್ಣೆಯ ಭಕ್ತ. ಮಾರ್ಕ್ ಹೋಗಿ ಯುರೋ ಬಂದ ಆ ಜನವರಿಯಲ್ಲಿ, ಸಂಕ್ರಾಂತಿಯ ಎಳ್ಳು ಬೀರುವುದಕ್ಕೆ ಎಲ್ಲರೂ ದುಂಡಪ್ಪನ ಮನೆಯಲ್ಲಿ ಸೇರಿದ್ದಾಗ ಯುಗಾದಿ ಊಟದ ಮಾತು ಬಂತು. ಅರವತ್ತು ಜನರ ಅಡುಗೆ. ಅಡುಗೆಯಲ್ಲಿ ಕೈ ಒಳ್ಳೆಯದೆಂದು ಹನುಮಂತರಾಯನನ್ನೇ ಮುಖ್ಯ ಭಟ್ಟನಾಗಿ ಆರಿಸಿದೆವು. ಆರಿಸಿದ್ದೇ ತಡ, ಅಷ್ಟೂ ಅಡುಗೆ ಕೊಬ್ಬರಿ ಎಣ್ಣೆಯಲ್ಲೇ ಎಂದು ಸಾರಿಬಿಟ್ಟ.

"ಏ ತಮ್ಮಾ, ಅದು ತಲೀಗೆ ಹಚ್ಚೂದು," ಎಂದ ದುಂಡಪ್ಪ. "ಹೋಳಗಿ ತಿಂದ್ರ ನನಗ ಅಂಗಡ್ಯಾಗ ಕಟಿಂಗ್ ಮಾಡಿಸ್ಕೊಂಡ ನೆನಪ ಬರ್ತದ."

"ನಿಮ್ಮ ಶೇಂಗಾ ಎಣ್ಣೇಲಿ ಏನಿದೆ ಗುರೂ? ಕೊಬ್ಬರಿ ಎಣ್ಣೆ ಹೃದಯಕ್ಕೆ ಔಷಧಿ."

"ಔಷಧಿ ಐತೆಂತ ನೀ ಹೇಳ್ತಿ. ಅರವತ್ತ ಮಂದಿ ಎದಿ ಮ್ಯಾಲ ಪ್ರಯೋಗ ಮಾಡೂಕಿಂತ ಮೊದ್ಲ ನಿಂದೊಂದ ರಕ್ತ ತಗಸು. ಹುಟ್ಟಿದಾಗಿಂದ ಅದನ್ನ ತಿಂದೀಯಲ್ಲ. ರಿಪೋರ್ಟ್ ಚಲೋ ಬಂತಂದ್ರ ಯುಗಾದಿ ನಿಂದು, ನಾನಾ ನಿಂತು ನಿನ್ನ ಎಣ್ಣಿ ಕಾಸ್ತೀನಿ. ಇಲ್ಲಂದ್ರ ಶೇಂಗಾ ಎಣ್ಣಿ. ಏನ್ ಕಾಕಾ, ಹೌದಿಲ್ಲೋ?"

ಕಾಕಾ ಎಂದರೆ ನಾನು. ಆ ಊರಿಗೆ ಇವರೆಲ್ಲರಿಗಿಂತ ಮೊದಲೇ ಬಂದು ಮುದುಕನಾದವನು. ಹೌದೆಂದೆ. ಹನುಮಂತರಾಯ ಎದೆ ತಟ್ಟಿಕೊಂಡು ಒಪ್ಪಿದ. ತಟ್ಟಿದ ಶಬ್ದಕ್ಕೆ ಎಳ್ಳಿನ ತಟ್ಟೆ ಅಲುಗಾಡಿತು.

ಅಂದು ಹಿಂದಿರುಗಲು ಟ್ರಾಮಿಗೆ ಕಾಯುತ್ತಿದ್ದಾಗ ಪ್ರೇಮಕುಮಾರಿ ನನ್ನ ಪಕ್ಕಕ್ಕೆ ಬಂದಳು. "ಅಂಕಲ್, ಯುಗಾದಿಗೆ ಯಾವ ಎಣ್ಣೆ ಹಾಕಿದರೂ ನನಗೇನಿಲ್ಲ. ನಮ್ಮ ಮಾವ ಐವತ್ತೊಂದಕ್ಕೆ ಹೋದರು. ಮಂಡಿಯಲ್ಲಿ ಮಾತಾಡ್ತಾ ಮಾತಾಡ್ತಾ ಎದೆ ಹಿಡ್ಕೊಂಡು ಕೂತರಂತೆ, ಅಷ್ಟೇ. ಇವರಿಗೆ ನಲವತ್ತಾಗ್ತಾ ಬಂತು. ನಾನು ಎರಡು ವರ್ಷದಿಂದ ಟೆಸ್ಟ್ ಮಾಡಿಸಿ ಅಂತಿದ್ದೀನಿ, ಜಗ್ಗಿಲ್ಲ. ದುಂಡಪ್ಪನವರು ಐದು ನಿಮಿಷದಲ್ಲಿ ಒಪ್ಪಿಸಿದರು. ಅವರಿಗೆ ಪುಣ್ಯ ಬರಲಿ." ಆಚೆ ನಿಂತು ಟ್ರಾಮಿನ ಹಳಿಗೂ ಎಣ್ಣೆಯ ಅಗತ್ಯವಿದೆ ಎಂದು ಯಾರಿಗೋ ವಿವರಿಸುತ್ತಿದ್ದ ಗಂಡನ ಕಡೆ ನೋಡಿ, ಅವನಿಗೂ ಸೇರಿಸಿ ಎರಡು ಟಿಕೆಟ್ ತೆಗೆದಳು.

ಹನುಮಂತರಾಯ ಡಾಕ್ಟರ್ ಶ್ಮಿಟ್ಸ್ ಎಂಬವರ ಬಳಿ ಟೆರ್ಮಿನ್, ಅಂದರೆ ಭೇಟಿಯ ಸಮಯ, ತೆಗೆದುಕೊಂಡ. ಅಲ್ಲಿಯ ಹುಡುಗಿ ಬೆಳಗ್ಗೆ ಉಪವಾಸ ಬರಬೇಕು ಎಂದಳಂತೆ. ಅವನು ಮನೆಗೆ ಬಂದು, "ಪ್ರೇಮಾ, ನಾಳೆ ನನಗೆ ಉಪವಾಸ" ಎಂದ. ಪ್ರೇಮಕುಮಾರಿ ಎದ್ದು ಹೋಗಿ ಸಬ್ಬಕ್ಕಿ ನೆನೆಹಾಕಿದಳು.

ಇದರಲ್ಲಿ ಅವಳ ತಪ್ಪೇನಿದೆ? ನಮ್ಮ ಮನೆಗಳಲ್ಲಿ ಉಪವಾಸ ಎಂದರೆ ಅನ್ನ ಮುಟ್ಟುವಂತಿಲ್ಲ. ಪಾಪ, ಅನ್ನ ಬಿಟ್ಟಿದ್ದಾರಲ್ಲ ಎಂದು ಉಳಿದದ್ದೆಲ್ಲವನ್ನೂ ಮಾಡಿ ಬಡಿಸಬೇಕು. ನಮ್ಮತ್ತೆಯೊಬ್ಬರು ಏಕಾದಶಿ ಉಪವಾಸ ಮಾಡಿ ಮಾಡಿಯೇ ಬಾಗಿಲಲ್ಲಿ ಹಿಡಿಸದಂತೆ ಆಗಿದ್ದರು. ದ್ವಾದಶಿಯ ಹೊತ್ತಿಗೆ ಹೊರಗೆ ತರಬೇಕೆಂದರೆ ಚೌಕಟ್ಟು ಬಿಚ್ಚಬೇಕಾಗುತ್ತಿತ್ತು. ಹನುಮಂತರಾಯ ರಾತ್ರಿ ಅನ್ನ ಮುಟ್ಟಲಿಲ್ಲ, ಅವಲಕ್ಕಿ ತಿಂದ. ಬೆಳಗ್ಗೆ ಸ್ನಾನ, ಸಂಧ್ಯಾವಂದನೆ ಮುಗಿಸಿ ಶುದ್ಧ ಮನಸ್ಸಿನಿಂದ ಫಲಾಹಾರಕ್ಕೆ ಕೂತ. ಕೊಬ್ಬರಿ ಎಣ್ಣೆಯಲ್ಲಿ ಕರಿದ ಸಬ್ಬಕ್ಕಿ ವಡೆ, ಅದಕ್ಕೆ ಕಾಯಿಚಟ್ನಿ, ಆಲೂಗಡ್ಡೆ ಪಲ್ಯ, ತೆಂಗಿನ ಹಾಲು ಬೆಲ್ಲ ಹಾಕಿದ ಬಾಳೆಹಣ್ಣಿನ ರಸಾಯನ. ಟೆಸ್ಟಲ್ಲಿ ಎಣ್ಣೆಯ ಗುಣ ಚೆನ್ನಾಗಿ ಕಾಣಲಿ ಎಂದು ಮೇಲೊಂದು ಚಮಚ ಹಸಿ ಎಣ್ಣೆ. ಆಮೇಲೆ ಹೋಗಿ ಕೈ ಚಾಚಿ ಕೂತ. ಹುಡುಗಿ ಉಪವಾಸವೇ ಎಂದು ಕೇಳಿದಾಗ, "ಸಂಪೂರ್ಣ" ಎಂದನಂತೆ.

ಫಲಿತಾಂಶ ಕೇಳಲು ಹೋಗುವ ದಿನ ನನ್ನನ್ನು ಕರೆದುಕೊಂಡು ಹೋದ. ಅವನ ಜರ್ಮನ್ ತರಕಾರಿ ಕೊಳ್ಳುವವರೆಗೆ ನಡೆಯುತ್ತಿತ್ತು, ಹೃದಯದವರೆಗೆ ಬಂದಿರಲಿಲ್ಲ. ಅದು ಕಾರ್ನಿವಾಲಿನ ಗುರುವಾರ. ಕಲೋನಿನಲ್ಲಿ ಆ ದಿನ ವೇಷ ಹಾಕದವನೇ ಹುಚ್ಚ. ಬಾಗಿಲಲ್ಲಿ ನಮ್ಮನ್ನು ಒಳಗೆ ಬಿಟ್ಟವಳು ಜೇನುಹುಳದ ವೇಷದ ಹುಡುಗಿ. ಒಳಗೆ ಡಾಕ್ಟರ್ ಶ್ಮಿಟ್ಸ್ ಪಟ್ಟೆಪಟ್ಟೆ ಕೋಟು ಹಾಕಿಕೊಂಡು, ಮೂಗಿಗೆ ಕೆಂಪು ಚೆಂಡು ಸಿಕ್ಕಿಸಿಕೊಂಡು, ಭಾರಿ ಗಂಭೀರವಾಗಿ ಕೂತಿದ್ದರು. ನಗಿಸುವವನ ವೇಷದಲ್ಲಿ ನಗದೆ ಕೂತ ಮನುಷ್ಯನಿಗಿಂತ ಭಯಂಕರವಾದದ್ದು ನಾನು ಕಂಡಿಲ್ಲ.

"ಹೆರ್ ಹನುಮಂತರಾಯ, ನಿಮ್ಮ ರಕ್ತದ ತಿಳಿ ಲ್ಯಾಬಿನಲ್ಲಿ ಹಾಲಿನ ಹಾಗೆ ಬೆಳ್ಳಗಿತ್ತಂತೆ," ಎಂದರು. ನಾನು ಕನ್ನಡಕ್ಕೆ ತಂದೆ. "ಟ್ರೈಗ್ಲಿಸರೈಡ್ ಎಂಬ ಕೊಬ್ಬು ಇರಬೇಕಾದ್ದರ ನಾಲ್ಕು ಪಟ್ಟಿದೆ. ಕೆಟ್ಟ ಕೊಲೆಸ್ಟರಾಲೂ ಹೆಚ್ಚು. ಈ ವಯಸ್ಸಿಗೆ ಇದು ತಮಾಷೆಯಲ್ಲ."

ಹನುಮಂತರಾಯನ ಮುಖ ಬಿಳುಚಿತು. ಎದೆಯ ಮೇಲೆ ಕೈಯಿಟ್ಟುಕೊಂಡ. ಈ ಸಲ ತಟ್ಟಿಕೊಳ್ಳಲಿಲ್ಲ. ಬರಿದೇ ಇಟ್ಟುಕೊಂಡ. "ಸಾರ್, ನಮ್ಮಪ್ಪಂದೂ ಹಿಂಗೇ ಇತ್ತೇನೋ ಅಲ್ವಾ?" ಎಂದು ನನ್ನನ್ನು ಕೇಳಿದ. ಅದನ್ನು ನಾನು ಅನುವಾದಿಸಲಿಲ್ಲ.

"ಉಪವಾಸವೇ ಬಂದಿದ್ದಿರಿ ತಾನೆ?" ಎಂದರು ಡಾಕ್ಟರು.

"ಹೌದು ಡಾಕ್ಟರೇ, ಸಂಪೂರ್ಣ ಉಪವಾಸ."

"ಹಿಂದಿನ ದಿನ ಕೊನೆಯ ಬಾರಿ ತಿಂದದ್ದು ಎಷ್ಟು ಹೊತ್ತಿಗೆ?"

"ಹಿಂದಿನ ದಿನ ಯಾಕೆ, ಅವತ್ತು ಬೆಳಗ್ಗೆ ತಿಂದಿದ್ದೆನಲ್ಲ," ಎಂದು ಹನುಮಂತರಾಯ ವಡೆಯಿಂದ ರಸಾಯನದವರೆಗೆ ಒಂದೂ ಬಿಡದೆ ಹೇಳಿದ. ಸಬ್ಬಕ್ಕಿ ವಡೆಗೆ ಜರ್ಮನ್ ಭಾಷೆಯಲ್ಲಿ ಶಬ್ದವಿಲ್ಲ. ನಾನು ಕೈಯಲ್ಲಿ ಗುಂಡಗೆ ಮಾಡಿ ತೋರಿಸಿ, ಎಣ್ಣೆಗೆ ಬಿಟ್ಟಂತೆ ಅಭಿನಯಿಸಿ, ಬಾಯಿಂದ ಚುರ್ ಎಂದು ಶಬ್ದ ಮಾಡಿದೆ.

ಡಾಕ್ಟರು ಮೆಲ್ಲಗೆ ಮೂಗು ತೆಗೆದು ಮೇಜಿನ ಮೇಲಿಟ್ಟರು. ಕೆಳಗಿದ್ದ ನಿಜವಾದ ಮೂಗೂ ನಗು ತಡೆದು ತಡೆದು ಅದೇ ಬಣ್ಣಕ್ಕೆ ತಿರುಗಿತ್ತು. "ನಿಮ್ಮಲ್ಲಿ ಉಪವಾಸದ ದಿನ ಇಷ್ಟಾದರೆ, ಹಬ್ಬದ ದಿನ ಏನು ಮಾಡುತ್ತೀರಿ?" ಎಂದರು. ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದರು. ರಾತ್ರಿ ಊಟವಾದ ಮೇಲೆ ಬೆಳಗ್ಗೆ ರಕ್ತ ಕೊಡುವವರೆಗೂ ನೀರು ಮಾತ್ರ. ಹಣ್ಣಿಲ್ಲ, ಹಾಲಿಲ್ಲ, ವಡೆ ಇಲ್ಲ, ಔಷಧಿ ಎಂದು ಚಮಚ ಎಣ್ಣೆಯೂ ಇಲ್ಲ. ಕೆಲವು ವಾರ ಬಿಟ್ಟು ಇನ್ನೊಮ್ಮೆ ನೋಡೋಣ.

ಹೊರಗೆ ಬಂದಾಗ ಹನುಮಂತರಾಯ ಬೇರೆ ಮನುಷ್ಯ. ಬೀದಿಯಲ್ಲಿ ಕಡಲ್ಗಳ್ಳರ ವೇಷದವರು ಕುಣಿಯುತ್ತಿದ್ದರೆ ಅವರಿಗಿಂತ ಒಂದು ಹೆಜ್ಜೆ ಹೆಚ್ಚೇ ಕುಣಿದ. ರಿಪೋರ್ಟೇ ರದ್ದಾಯಿತು, ತಪ್ಪು ವಡೆಯದು, ಎಣ್ಣೆಯದಲ್ಲ ಎಂದು ಊರಿಗೆಲ್ಲ ಫೋನ್ ಮಾಡಿದ.

"ವಡಿ ಯಾವ ಎಣ್ಣ್ಯಾಗ ಕರದಿದ್ರೀ?" ಎಂದಷ್ಟೇ ಕೇಳಿ ದುಂಡಪ್ಪ ಫೋನ್ ಇಟ್ಟನಂತೆ.

ಎರಡನೆಯ ಸಲದ ಉಪವಾಸಕ್ಕೆ ಪ್ರೇಮಕುಮಾರಿಯೇ ಕಾವಲು ನಿಂತಳು. ಅಡುಗೆಮನೆಗೆ ಬೀಗವಿರಲಿಲ್ಲ, ಅವಳೇ ಬಾಗಿಲಿಗೆ ಕುರ್ಚಿ ಹಾಕಿ ಕೂತಳು. ಬೆಳಗ್ಗೆ ಹನುಮಂತರಾಯ ಒಂದು ಲೋಟ ನೀರು ಕುಡಿದು ಹೊರಟ. ಹುಟ್ಟಿದ ಮೇಲೆ ಅವನು ಮಾಡಿದ ಮೊದಲ ಉಪವಾಸ ಅದು. ಟ್ರಾಮಿನಲ್ಲಿ ಬ್ರೆಡ್ ತಿನ್ನುತ್ತಿದ್ದ ಒಬ್ಬನನ್ನು ಎಷ್ಟು ಹೊತ್ತು ದಿಟ್ಟಿಸಿದನೆಂದರೆ, ಆ ಮನುಷ್ಯ ಅರ್ಧ ಬ್ರೆಡ್ ಇವನ ಕೈಗಿಟ್ಟು ಮುಂದಿನ ಸ್ಟಾಪಿನಲ್ಲಿ ಇಳಿದುಹೋದನಂತೆ. ಅದನ್ನು ತಿನ್ನದೆ ಜೇಬಿನಲ್ಲಿಟ್ಟುಕೊಂಡು ಹೋಗಿ ರಕ್ತ ಕೊಟ್ಟು ಬಂದ. ಇದನ್ನು ನಾನು ನಂಬುತ್ತೇನೆ, ಯಾಕೆಂದರೆ ಈ ಸಲ ಅವನಿಗೂ ನಿಜವಾಗಿ ಉತ್ತರ ಬೇಕಿತ್ತು.

ಮತ್ತೆ ನಾವಿಬ್ಬರೂ ಹೋದಾಗ ಡಾಕ್ಟರ್ ಶ್ಮಿಟ್ಸ್ ವೇಷ ಕಳಚಿ ಸಾಮಾನ್ಯ ಮನುಷ್ಯರಾಗಿದ್ದರು. "ನಾನೂ ಈಗ ಉಪವಾಸದಲ್ಲಿದ್ದೇನೆ. ಈಸ್ಟರ್ ತನಕ ಚಾಕೊಲೇಟ್ ಮುಟ್ಟುವುದಿಲ್ಲ," ಎಂದರು. ಅವರ ಮೇಜಿನ ಮೇಲೆ ತಟ್ಟೆಯಲ್ಲಿ ಕೇಕಿತ್ತು. ಸೇಬಿನದು. ಹನುಮಂತರಾಯ ಅದನ್ನೂ ಅವರನ್ನೂ ಒಮ್ಮೆ ನೋಡಿ, "ನಮ್ಮ ಕಡೆಯವರೇ ಸಾರ್" ಎಂದು ನನ್ನ ಕಿವಿಯಲ್ಲಿ ಹೇಳಿದ.

"ಟ್ರೈಗ್ಲಿಸರೈಡ್ ಪೂರ್ತಿ ಸರಿಯಿದೆ," ಎಂದರು ಡಾಕ್ಟರು. "ಅದು ಆ ಬೆಳಗಿನ ಫಲಾಹಾರದ ಪ್ರತಾಪ."

ಹನುಮಂತರಾಯ ಕುರ್ಚಿಯಿಂದ ಅರ್ಧ ಎದ್ದ.

"ಕೂತುಕೊಳ್ಳಿ. ಕೆಟ್ಟ ಕೊಲೆಸ್ಟರಾಲ್ ಹೋದ ಸಲದಷ್ಟೇ ಇದೆ. ಅದು ಒಂದು ದಿನದ ತಿಂಡಿಗೆ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಅಡುಗೆಗೆ ಯಾವ ಎಣ್ಣೆ?"

ಅವನು ಹೇಳಿದ. ಹೇಳಿ, ಅದು ಒಳ್ಳೆಯ ಕೊಲೆಸ್ಟರಾಲನ್ನು ಹೆಚ್ಚಿಸುತ್ತದೆ ಎಂದು ಓದಿದ್ದೇನೆ ಎಂದೂ ಸೇರಿಸಿದ.

"ಹೆಚ್ಚಿಸುತ್ತದೆ, ನಿಜ. ಜೊತೆಗೆ ಕೆಟ್ಟದ್ದನ್ನೂ ಹೆಚ್ಚಿಸುತ್ತದೆ. ಅದೂ ಇದೂ ವಜಾ ಆಗಿಬಿಡುತ್ತದೆ ಎಂದು ನಂಬಿ ಕೂರಬೇಡಿ. ಅದರಲ್ಲಿರುವುದು ಹೆಚ್ಚು ಪಾಲು ಬೆಣ್ಣೆಯಂಥದೇ ಗಟ್ಟಿ ಕೊಬ್ಬು. ಚಳಿಗಾಲದಲ್ಲಿ ನೀವೇ ನೋಡಿದ್ದೀರಲ್ಲ."

"ನಮ್ಮಜ್ಜ ಜೀವಮಾನವೆಲ್ಲ ಇದನ್ನೇ ತಿಂದು ತೊಂಬತ್ತು ವರ್ಷ ಬದುಕಿದರು ಡಾಕ್ಟರೇ."

"ಏನು ಕೆಲಸ ಮಾಡುತ್ತಿದ್ದರು?"

"ದಿನವೆಲ್ಲ ಗಾಣದ ಎತ್ತಿನ ಹಿಂದೆ ಸುತ್ತುತ್ತಿದ್ದರು."

"ನೀವು?"

ಹನುಮಂತರಾಯ ತಾನು ಸುತ್ತುವ ಕುರ್ಚಿಯಲ್ಲಿ ಕೂತಿರುತ್ತೇನೆ ಎಂದು ಒಪ್ಪಿಕೊಂಡ. ಅಪ್ಪನ ವಿಷಯವನ್ನು ಈಗ ಅವನಾಗಿಯೇ ಎತ್ತಿದ. ಡಾಕ್ಟರು ಪೆನ್ನು ಕೆಳಗಿಟ್ಟು ಕೇಳಿದರು. ಎಲ್ಲ ದೋಷವೂ ಎಣ್ಣೆಯದಲ್ಲ, ವಂಶದಿಂದಲೂ ಬಂದಿರಬಹುದು, ಆದ್ದರಿಂದಲೇ ನಿಮಗೆ ಉಳಿದವರಿಗಿಂತ ಹೆಚ್ಚು ಎಚ್ಚರಿಕೆ ಬೇಕು ಎಂದರು. ಮೈಗೆ ತಲೆಗೆ ಎಷ್ಟು ಬೇಕಾದರೂ ಹಚ್ಚಿಕೊಳ್ಳಿ. ಬಾಣಲೆಗೆ ಬೇರೆ ಎಣ್ಣೆ, ಅದೂ ಹಿತಮಿತ. ಇದು ರುಚಿಗೆ ಎಂದಾದರೊಮ್ಮೆ ಒಂದು ಚಮಚ. ದಿನಾ ನಡೆಯಿರಿ. ಕೆಲವು ತಿಂಗಳ ಮೇಲೆ ಮತ್ತೆ ನೋಡಿ, ಇಳಿಯದಿದ್ದರೆ ಮಾತ್ರೆ.

ಯುಗಾದಿಯ ಸಿದ್ಧತೆಗೆ ಎಲ್ಲರೂ ಸೇರಿದ್ದು ಆ ಶನಿವಾರ, ಮತ್ತೆ ದುಂಡಪ್ಪನ ಮನೆಯಲ್ಲಿ. ಹನುಮಂತರಾಯ ಹೆಂಡತಿಗೂ ಆವರೆಗೆ ಎಲ್ಲ ಸರಿಯಿದೆ ಎಂದಷ್ಟೇ ಹೇಳಿ ತಪ್ಪಿಸಿಕೊಂಡಿದ್ದ. ನಡುಮನೆಯಲ್ಲಿ ನಿಂತು, "ಟ್ರೈಗ್ಲಿಸರೈಡ್ ನಾರ್ಮಲ್" ಎಂದು ಘೋಷಿಸಿದ. ಚಪ್ಪಾಳೆ ಬಿತ್ತು. ಹಾಗೆಂದರೆ ಏನೆಂದು ಚಪ್ಪಾಳೆ ತಟ್ಟಿದವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ದುಂಡಪ್ಪ ಮಾತಿಗೆ ತಪ್ಪುವವನಲ್ಲ. ಎದ್ದು ಬಂದು ಕೈ ಕುಲುಕಿದ.

"ಸೋತೆ ನೋಡಪಾ. ಎಷ್ಟ ಲೀಟರ್ ಬೇಕು ಹೇಳು, ಏಶಿಯನ್ ಅಂಗಡಿಗೆ ನಾನಾ ಹೋಗಿ ತರ್ತೀನಿ. ಅಲ್ಲಿ ಅದನ್ನ ಶಾಂಪೂ ಬಾಜೂಕ ಇಟ್ಟಿರ್ತಾರ, ಆದ್ರೂ ತರ್ತೀನಿ."

ಹನುಮಂತರಾಯ ನನ್ನ ಕಡೆ ನೋಡಿದ. ನಾನು ದುಂಡಪ್ಪನ ಗೋಡೆಯ ಮೇಲಿದ್ದ ಕ್ಯಾಲೆಂಡರ್ ನೋಡಿದೆ. ಆಗ ಮೂಲೆಯಲ್ಲಿ ಬೆಳ್ಳುಳ್ಳಿ ಬಿಡಿಸುತ್ತಿದ್ದ ಪ್ರೇಮಕುಮಾರಿ ತಲೆಯೆತ್ತದೆ, "ರೀ, ಹೋದ ಸಲ ಇನ್ನೊಂದೂ ಹೆಚ್ಚಿತ್ತಲ್ಲ, ಅದು?" ಎಂದಳು.

ಅಷ್ಟು ಜನರಿದ್ದ ಮನೆಯಲ್ಲಿ ಬೆಳ್ಳುಳ್ಳಿ ಸಿಪ್ಪೆ ನೆಲಕ್ಕೆ ಬಿದ್ದ ಸದ್ದು ಪಕ್ಕದೂರು ಡ್ಯೂಸೆಲ್‌ಡಾರ್ಫಿಗೆ ಕೇಳಿಸಿತು. ಒಂದು ಸುಳ್ಳು ಹನುಮಂತರಾಯನ ಬಾಯಿಯವರೆಗೆ ಬಂದದ್ದನ್ನೂ ಅವನು ಅದನ್ನು ನುಂಗಿದ್ದನ್ನೂ ನಾನು ಕಣ್ಣಾರೆ ಕಂಡೆ. ಉಪವಾಸದ ದಿನದ ವಡೆಗಿಂತ ದೊಡ್ಡದಾಗಿತ್ತು ಅದು.

"ಅದು ಇಳಿದಿಲ್ಲ ಪ್ರೇಮಾ. ಅಪ್ಪನ ವಿಷಯಾನೂ ಹೇಳಿದೆ. ಅಡುಗೆಗೆ ಬೇಡ ಅಂದರು." ದುಂಡಪ್ಪನ ಕಡೆ ತಿರುಗಿದ. "ಶೇಂಗಾ ಎಣ್ಣೆ ತಗೊಂಡು ಬಾ ಗುರೂ. ನಾನು ಸೋತಿರೋದು."

ದುಂಡಪ್ಪನ ಬಾಯಲ್ಲಿ ಎರಡು ತಿಂಗಳಿಂದ ಕೂಡಿಟ್ಟಿದ್ದ ಕುಚೋದ್ಯಗಳಿದ್ದವು. ಪ್ರೇಮಕುಮಾರಿಯ ಮುಖ ನೋಡಿ ಒಂದನ್ನೂ ಹೊರಗೆ ಬಿಡಲಿಲ್ಲ. "ಆತು ಬಿಡು ತಮ್ಮಾ. ಎಣ್ಣಿ ನಂದು, ಕೈ ನಿಂದು. ಮುಂದಿನ ವಾರಾನ ನಾನೂ ರಕ್ತ ಕೊಟ್ಟು ಬರ್ತೀನಿ. ನಂದರ ಏನ್ ಗಂಗಾಜಲ ಐತೇನು?" ಎಂದ. ಪ್ರೇಮಕುಮಾರಿ ಒಂದು ಬೆಳ್ಳುಳ್ಳಿ ಗಡ್ಡೆಯನ್ನು ಬಿಡಿಸಿ ಮುಗಿಸಿ, ಇನ್ನೊಂದನ್ನು ಕೈಗೆತ್ತಿಕೊಂಡು, ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಈರುಳ್ಳಿಯಾಗಿದ್ದರೆ ಏನಾದರೂ ನೆಪ ಹೇಳಬಹುದಿತ್ತು.

ಯುಗಾದಿಯ ದಿನ ಬಾಡಿಗೆಗೆ ಹಿಡಿದಿದ್ದ ಸಭಾಂಗಣದ ಅಡುಗೆಮನೆಯಲ್ಲಿ ಹನುಮಂತರಾಯ ಬಾಣಲೆಯ ಮುಂದೆ ನಿಂತ. ಪರಕೀಯರ ಎಣ್ಣೆ ಕಾಯುವುದನ್ನು ನೋಡುವಾಗ ಅವನ ಮುಖ ರಾಜ್ಯ ಕಳೆದುಕೊಂಡ ಅರಸನದು. ಸಾಸಿವೆ ಹಾಕಿದ, ಅದು ಅವನ ದುಃಖಕ್ಕೆ ಕಾಯದೆ ಚಟಪಟ ಸಿಡಿಯಿತು. ಮಾವಿನಕಾಯಿ ಚಿತ್ರಾನ್ನ ಮಾಡಿದ. ಅರವತ್ತು ಜನಕ್ಕೆಂದು ಮಾಡಿದ್ದನ್ನು ಅರವತ್ತು ಜನರೇ ತಿಂದರು, ಆದರೆ ನೂರಿಪ್ಪತ್ತು ಜನರಂತೆ ತಿಂದರು. ಎಲ್ಲರದೂ ಆದ ಮೇಲೆ ಅವನು ಎಲೆಯ ಮುಂದೆ ಕೂತ. ಒಂದು ಸಲ ಹಾಕಿಸಿಕೊಂಡ. ತಲೆ ಎತ್ತದೆ ಇನ್ನೊಂದು ಸಲ ಹಾಕಿಸಿಕೊಂಡ. ಬಡಿಸುತ್ತಿದ್ದವನು ದುಂಡಪ್ಪ.

"ಹೆಂಗೈತಿ?" ಎಂದ ದುಂಡಪ್ಪ, ಸೌಟು ಹಿಡಿದು ನಿಂತು.

ಹನುಮಂತರಾಯ ಬಾಯಲ್ಲಿದ್ದುದನ್ನು ಸಾವಕಾಶವಾಗಿ ಅಗಿದು ನುಂಗಿದ. "ಉಪ್ಪು ಹದವಾಗಿದೆ," ಎಂದ.